ಲಾಸ್ ಏಂಜಲೀಸ್‌ನಲ್ಲಿ ಸೈನಿಕರು: ಕಾವಲು ಎಲ್ಲಿ ಮುಗಿಯುತ್ತದೆ, ಪೊಲೀಸ್ ಕೆಲಸ ಎಲ್ಲಿ ಶುರುವಾಗುತ್ತದೆ?

2025ರ ಫೆಬ್ರವರಿ 5ರಂದು ಅಮೆರಿಕದ ವಾಯುಪಡೆಯ ಸಿ-17 ವಿಮಾನ 104 ಭಾರತೀಯರನ್ನು ಹೊತ್ತು ಅಮೃತಸರಕ್ಕೆ ಬಂದಿಳಿಯಿತು. ಕೈಗೆ ಕೋಳ, ಕಾಲಿಗೆ ಸರಪಳಿ. ಗಡೀಪಾರು ಮಾಡುವುದಕ್ಕೆ ಮಿಲಿಟರಿ ವಿಮಾನ ಯಾಕೆ ಬೇಕಿತ್ತು ಎಂದು ಆಗ ನಮ್ಮಲ್ಲಿ ಬಹಳ ಜನ ಕೇಳಿದರು. ಪ್ರಶ್ನೆ ಸರಿಯಾದದ್ದೇ. ಆದರೆ ಅಮೆರಿಕದ ಕಾನೂನಿನಲ್ಲಿ ಅದು ಅಷ್ಟು ದೊಡ್ಡ ತಕರಾರಿನ ವಿಷಯ ಆಗಲಿಲ್ಲ. ವಿಮಾನ, ಟೆಂಟು, ತಂತಿಬೇಲಿ, ಕಚೇರಿ ಕೆಲಸಕ್ಕೆ ಆಳು, ಇವನ್ನೆಲ್ಲ ಅಲ್ಲಿ 'ಬೆಂಬಲ' ಎಂದು ನೋಡುತ್ತಾರೆ. ಇಂಥ ಬೆಂಬಲಕ್ಕೆ 1981ರಿಂದಲೂ ಕಾನೂನಿನಲ್ಲಿ ಜಾಗ ಇದೆ. ಸೈನಿಕ ಖುದ್ದಾಗಿ ರಸ್ತೆಗಿಳಿದು ಜನರ ಎದುರು ನಿಂತಾಗ ನಿಜವಾದ ಜಗಳ ಶುರುವಾಗುತ್ತದೆ. ಅದು ಶುರುವಾದದ್ದು ನಾಲ್ಕು ತಿಂಗಳ ನಂತರ, ಲಾಸ್ ಏಂಜಲೀಸ್‌ನಲ್ಲಿ.

ಸೈನಿಕರು ಯಾರನ್ನಾದರೂ ಬಂಧಿಸಿದರಾ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಈ ಪ್ರಕರಣ ಅರ್ಥವಾಗುವುದಿಲ್ಲ. ಬಂಧಿಸುವುದು ಪೊಲೀಸ್ ಕೆಲಸದ ಒಂದು ತುಣುಕು ಅಷ್ಟೆ. ರಸ್ತೆ ಅಡ್ಡ ಹಾಕುವುದು, ಗುಂಪನ್ನು ಹಿಂದಕ್ಕೆ ತಳ್ಳುವುದು, ಗಸ್ತು ತಿರುಗುವುದು ಕೂಡ ಪೊಲೀಸ್ ಕೆಲಸವೇ. ಸರ್ಕಾರ ಇದಕ್ಕೆಲ್ಲ 'ರಕ್ಷಣೆ' ಎಂದು ಹೆಸರಿಟ್ಟಿತು. ಆ ಹೆಸರು ಕೋರ್ಟಿನಲ್ಲಿ ನಿಲ್ಲುತ್ತದಾ ಎಂಬುದರ ಮೇಲೆಯೇ ಇಡೀ ಕೇಸು ನಡೆಯಿತು.

ಮೊದಲ ನಾಲ್ಕು ದಿನ

2025ರ ಜೂನ್ 6, ಶುಕ್ರವಾರ. ಐಸ್ ಎಂದು ಕರೆಯುವ ಕೇಂದ್ರದ ವಲಸೆ ಪೊಲೀಸರು ಲಾಸ್ ಏಂಜಲೀಸ್‌ನ ಹಲವು ಕಡೆ ದಾಳಿ ಮಾಡಿದರು. ಅದರಲ್ಲಿ ಬಟ್ಟೆ ವ್ಯಾಪಾರದ ಫ್ಯಾಶನ್ ಡಿಸ್ಟ್ರಿಕ್ಟ್‌ನ ಒಂದು ಕಂಪನಿಯೂ ಇತ್ತು. ಅಂದೇ ಪ್ರತಿಭಟನೆ ಶುರುವಾಯಿತು. ಮರುದಿನ ಪ್ಯಾರಮೌಂಟ್ ಎಂಬ ಪಕ್ಕದ ಊರಿನಲ್ಲಿ ಜನರಿಗೂ ಅಧಿಕಾರಿಗಳಿಗೂ ಜಟಾಪಟಿ ಆಯಿತು. ಅವತ್ತೇ ಅಧ್ಯಕ್ಷ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು: ಕನಿಷ್ಠ 2,000 ನ್ಯಾಷನಲ್ ಗಾರ್ಡ್ ಸೈನಿಕರು, 60 ದಿನ.

ಗವರ್ನರ್ ಗ್ಯಾವಿನ್ ನ್ಯೂಸಮ್ ಕೇಳಿರಲಿಲ್ಲ. ಮೇಯರ್ ಕ್ಯಾರೆನ್ ಬ್ಯಾಸ್ ಕೂಡ ಕೇಳಿರಲಿಲ್ಲ. ಅಲ್ಲಿನ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರ ಥರ ಅಲ್ಲ, ನಮ್ಮ ಮುಖ್ಯಮಂತ್ರಿಯ ಹಾಗೆ ಜನರಿಂದ ಆರಿಸಿ ಬಂದವರು. ಜೂನ್ 8ರಂದು ಸೈನಿಕರು ನಗರಕ್ಕೆ ಬಂದರು. ಅದೇ ದಿನ ಪ್ರತಿಭಟನೆ ಜೋರಾಯಿತು, ಚಾಲಕರಿಲ್ಲದ ವೇಮೋ ಕಾರುಗಳಿಗೆ ಬೆಂಕಿ ಬಿತ್ತು, ಹೆದ್ದಾರಿ ಬಂದ್ ಆಯಿತು. ಗಲಾಟೆ ನಡೆಯಲೇ ಇಲ್ಲ ಎನ್ನುವುದು ತಪ್ಪು. ಆದರೆ ಗಲಾಟೆ ಇದ್ದದ್ದು ನಗರದ ಕೆಲವು ಬೀದಿಗಳಲ್ಲಿ. ಮೇಯರ್ ಕರ್ಫ್ಯೂ ಹಾಕಿದ್ದು ಡೌನ್‌ಟೌನ್‌ನ ಸುಮಾರು ಒಂದು ಚದರ ಮೈಲಿ ಜಾಗಕ್ಕೆ ಮಾತ್ರ.

ಜೂನ್ 9ರಂದು ಇನ್ನೂ 2,000 ಗಾರ್ಡ್ ಸೈನಿಕರಿಗೆ ಆದೇಶ ಹೋಯಿತು. ಜೊತೆಗೆ ಟ್ವೆಂಟಿನೈನ್ ಪಾಮ್ಸ್ ನೆಲೆಯಿಂದ 700 ಮರೀನ್‌ಗಳು. ಮರೀನ್ ಎಂದರೆ ಪೂರ್ಣಾವಧಿ ಯುದ್ಧಪಡೆ, ರಾಜ್ಯದ ಜೊತೆ ಅವರಿಗೆ ಯಾವ ನಂಟೂ ಇಲ್ಲ. 60 ದಿನಕ್ಕೆ ಖರ್ಚು ಸುಮಾರು 13.4 ಕೋಟಿ ಡಾಲರ್ ಎಂದು ರಕ್ಷಣಾ ಇಲಾಖೆಯ ಅಧಿಕಾರಿ ಸಂಸತ್ತಿನ ಸಮಿತಿಗೆ ಹೇಳಿದರು. ಅದೇ 9ರಂದು ಕ್ಯಾಲಿಫೋರ್ನಿಯಾ ಸ್ಯಾನ್ ಫ್ರಾನ್ಸಿಸ್ಕೊದ ಕೇಂದ್ರ ಕೋರ್ಟಿನಲ್ಲಿ ದಾವೆ ಹೂಡಿತು: ಟ್ರಂಪ್ ವಿರುದ್ಧ ನ್ಯೂಸಮ್.

ಯಾವ ಕಾನೂನು ಏನು ಹೇಳುತ್ತದೆ

ನ್ಯಾಷನಲ್ ಗಾರ್ಡ್ ವಿಚಿತ್ರವಾದ ಪಡೆ. ಅದಕ್ಕೆ ಇಬ್ಬರು ಯಜಮಾನರು. ಮಾಮೂಲಿ ದಿನಗಳಲ್ಲಿ ಅದು ಗವರ್ನರ್ ಕೈಯಲ್ಲಿರುತ್ತದೆ. ಪ್ರವಾಹ, ಕಾಡ್ಗಿಚ್ಚು ಬಂದಾಗ ಅವರೇ ಕರೆಯುತ್ತಾರೆ. ಆಗ ಅದು ರಾಜ್ಯದ ಪಡೆ, ಪೊಲೀಸ್ ಕೆಲಸ ಮಾಡಿದರೂ ಕೇಂದ್ರ ಕಾನೂನಿನ ಅಡ್ಡಿ ಇಲ್ಲ. ಎರಡನೆಯ ಬಗೆಯಲ್ಲಿ ದುಡ್ಡು ಕೇಂದ್ರದ್ದು, ಹಿಡಿತ ಗವರ್ನರ್‌ದೇ. ಮೂರನೆಯದರಲ್ಲಿ ಅಧ್ಯಕ್ಷರು ಅದನ್ನು ಕೇಂದ್ರದ ಸೇವೆಗೆ ಎಳೆದುಕೊಳ್ಳುತ್ತಾರೆ. ಆ ಗಳಿಗೆಯಿಂದ ಅದೇ ಸೈನಿಕ, ಅದೇ ಸಮವಸ್ತ್ರ, ಆದರೆ ಕಾನೂನಿನ ಕಣ್ಣಿಗೆ ಆತ ಅಮೆರಿಕ ಸೇನೆಯ ಸೈನಿಕ. ಜೂನ್ 7ರಂದು ಆದದ್ದು ಇದು.

ಸೇನೆ ಎಂದಾದ ಕೂಡಲೇ 1878ರ ಪಾಸಿ ಕಾಮಿಟೇಟಸ್ ಕಾಯ್ದೆ ಅಡ್ಡ ಬರುತ್ತದೆ. ಸಂವಿಧಾನವೋ ಸಂಸತ್ತಿನ ಕಾನೂನೋ ಸ್ಪಷ್ಟವಾಗಿ ಅನುಮತಿ ಕೊಟ್ಟಿರದಿದ್ದರೆ, ಕಾನೂನು ಜಾರಿ ಮಾಡಲು ಸೇನೆಯನ್ನು ಬಳಸುವುದು ಅಪರಾಧ. ಎರಡು ವರ್ಷದವರೆಗೆ ಜೈಲು. ಮೊದಲು ಭೂಸೇನೆಗೆ ಮಾತ್ರ ಇತ್ತು, 1956ರಲ್ಲಿ ವಾಯುಪಡೆ ಸೇರಿತು, 2021ರ ಕೊನೆಗೆ ನೌಕಾಪಡೆ, ಮರೀನ್ ಮತ್ತು ಬಾಹ್ಯಾಕಾಶ ಪಡೆಯೂ ಸೇರಿದವು.

ಈ ಕಾಯ್ದೆಯ ಹುಟ್ಟು ಹೆಮ್ಮೆ ಪಡುವಂಥದ್ದಲ್ಲ, ಅದನ್ನೂ ಹೇಳಿಬಿಡಬೇಕು. ಅಂತರ್ಯುದ್ಧ ಮುಗಿದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಕೇಂದ್ರದ ಸೈನಿಕರು ಕಪ್ಪು ಜನರ ಮತದಾನದ ಹಕ್ಕನ್ನು ಕಾಯುತ್ತಿದ್ದರು. ಆ ಸೈನಿಕರನ್ನು ಮತಗಟ್ಟೆಗಳಿಂದ ದೂರ ಇಡಬೇಕೆಂದು ಹಟ ಹಿಡಿದವರೇ ಈ ಕಾನೂನು ತಂದವರು. ಆದರೆ ಮುಂದೆ ಅದು ಬೇರೆಯೇ ಅರ್ಥ ಪಡೆಯಿತು. ಸೇನೆಗೂ ನಾಗರಿಕರಿಗೂ ನಡುವಿನ ಗೋಡೆ ಎಂದು ಇವತ್ತು ಎಡದವರೂ ಬಲದವರೂ ಒಪ್ಪುತ್ತಾರೆ.

ಗೋಡೆಗೆ ಒಂದು ದೊಡ್ಡ ಬಾಗಿಲಿದೆ. ಅದು 1807ರ ಇನ್ಸರೆಕ್ಷನ್ ಆ್ಯಕ್ಟ್, ಅಂದರೆ ದಂಗೆ ಕಾಯ್ದೆ. 1957ರಲ್ಲಿ ಲಿಟಲ್ ರಾಕ್‌ನ ಶಾಲೆಗೆ ಕಪ್ಪು ಮಕ್ಕಳನ್ನು ಸೇರಿಸಲು ಐಸೆನ್‌ಹೋವರ್ ಸೇನೆ ಕಳಿಸಿದ್ದು ಇದರಡಿ. 1992ರಲ್ಲಿ ಇದೇ ಲಾಸ್ ಏಂಜಲೀಸ್ ಹೊತ್ತಿ ಉರಿದಾಗ ಹಿರಿಯ ಬುಷ್ ಬಳಸಿದ್ದೂ ಇದನ್ನೇ. ಆದರೆ ಆಗ ಗವರ್ನರ್ ತಾವಾಗಿಯೇ ಸಹಾಯ ಕೇಳಿದ್ದರು.

2025ರ ಜೂನ್‌ನಲ್ಲಿ ಟ್ರಂಪ್ ಈ ಬಾಗಿಲು ತೆಗೆಯಲಿಲ್ಲ. ಬದಲಿಗೆ ಸೆಕ್ಷನ್ 12406 ಎಂಬ ಅಷ್ಟಾಗಿ ಯಾರೂ ಬಳಸದ ಕಾನೂನನ್ನು ಹಿಡಿದರು. ಅದಕ್ಕೂ ಮೊದಲು ಅದು ಬಳಕೆಯಾಗಿದ್ದು 1970ರಲ್ಲಿ, ಅಂಚೆ ನೌಕರರು ಮುಷ್ಕರ ಹೂಡಿದಾಗ ನಿಕ್ಸನ್ ಕಾಲದಲ್ಲಿ. ಮೂರು ಸಂದರ್ಭಗಳಲ್ಲಿ ಗಾರ್ಡ್‌ಗಳನ್ನು ಕರೆಯಬಹುದು ಎನ್ನುತ್ತದೆ ಅದು. ಪರದೇಶದ ಆಕ್ರಮಣ, ದಂಗೆ ಅಥವಾ ದಂಗೆಯ ಅಪಾಯ, ಇಲ್ಲವೇ 'ನಿಯಮಿತ ಪಡೆಗಳಿಂದ' ದೇಶದ ಕಾನೂನನ್ನು ಜಾರಿ ಮಾಡಲು ಅಧ್ಯಕ್ಷರಿಗೆ ಆಗದಿದ್ದಾಗ. ಆದೇಶ ಗವರ್ನರ್ ಮೂಲಕವೇ ಹೋಗಬೇಕು. ಆ 'ನಿಯಮಿತ ಪಡೆ' ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ನಾಲ್ಕು ತಿಂಗಳು ಅದರ ಕಡೆ ಯಾರೂ ಸರಿಯಾಗಿ ನೋಡಲಿಲ್ಲ.

ನಮ್ಮಲ್ಲಿ ಈ ಲೆಕ್ಕ ಬೇರೆ. ಗುಂಪು ಚದುರಿಸಲು ಪೊಲೀಸರಿಂದ ಆಗದಿದ್ದರೆ ಸ್ಥಳದಲ್ಲಿರುವ ಜಿಲ್ಲಾ ಮ್ಯಾಜಿಸ್ಟ್ರೇಟ್ ಸೇನೆಯ ನೆರವು ಪಡೆಯಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 149ನೇ ಸೆಕ್ಷನ್ ಇದಕ್ಕೆ ಅವಕಾಶ ಕೊಡುತ್ತದೆ. ಅಂದರೆ ಕರೆಯುವವರು ಸ್ಥಳೀಯ ಆಡಳಿತದವರು. ಅಮೆರಿಕದಲ್ಲಿ ಸ್ಥಳೀಯರು ಬೇಡ ಎನ್ನುತ್ತಿರುವಾಗಲೇ ಸೇನೆ ಬಂದದ್ದು ಈ ಕೇಸಿನ ವಿಶೇಷ.

ಮೊದಲ ಸುತ್ತು: ಗೆದ್ದು ಸೋತದ್ದು

ಕೇಸು ಹೋಗಿದ್ದು ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ಅವರ ಮುಂದೆ. ಸುಪ್ರೀಂ ಕೋರ್ಟಿನಲ್ಲಿದ್ದ ಸ್ಟೀಫನ್ ಬ್ರೇಯರ್ ಅವರ ತಮ್ಮ ಇವರು. ಜೂನ್ 12ರಂದು ಅವರು ತಾತ್ಕಾಲಿಕ ತಡೆಯಾಜ್ಞೆ ಕೊಟ್ಟರು. ಅಲ್ಲಿ ನಡೆದದ್ದು ದಂಗೆ ಅಲ್ಲ, ಆದೇಶ ಗವರ್ನರ್ ಮೂಲಕ ಹೋಗಿಲ್ಲ, ಗಾರ್ಡ್‌ಗಳನ್ನು ರಾಜ್ಯಕ್ಕೆ ವಾಪಸ್ ಕೊಡಿ ಎಂದರು. ಕೆಲವೇ ಗಂಟೆಗಳಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಡೆಹಿಡಿಯಿತು.

ಜೂನ್ 19ರಂದು ಒಂಬತ್ತನೇ ಸರ್ಕೀಟ್ ಎಂಬ ಆ ಮೇಲ್ಮನವಿ ಕೋರ್ಟಿನ ಮೂವರು ನ್ಯಾಯಾಧೀಶರು ಒಮ್ಮತದಿಂದ ಸರ್ಕಾರದ ಕಡೆ ನಿಂತರು. ಆದರೆ ಅವರ ಆದೇಶದಲ್ಲಿ ಒಂದು ಮುಖ್ಯ ಮಾತಿತ್ತು. ಅಧ್ಯಕ್ಷರ ಈ ತೀರ್ಮಾನವನ್ನು ಕೋರ್ಟು ನೋಡಲೇ ಬಾರದು ಎಂದು ಸರ್ಕಾರ ವಾದಿಸಿತ್ತು. ಅದನ್ನು ಪೀಠ ಒಪ್ಪಲಿಲ್ಲ. ನೋಡುತ್ತೇವೆ, ಆದರೆ ಅಧ್ಯಕ್ಷರ ಮಾತಿಗೆ ಜಾಸ್ತಿ ಬೆಲೆ ಕೊಟ್ಟು ನೋಡುತ್ತೇವೆ ಎಂದಿತು. ಸುದ್ದಿಯಲ್ಲಿ ಇದು 'ಟ್ರಂಪ್‌ಗೆ ಜಯ' ಎಂದಷ್ಟೇ ಬಂತು. ನನ್ನ ಮಟ್ಟಿಗೆ ಕೇಸಿನ ಜೀವ ಉಳಿದದ್ದು ಆ ಸಾಲಿನಿಂದ.

ಅಷ್ಟರಲ್ಲಿ ರಸ್ತೆಯಲ್ಲಿ ಏನಾಗುತ್ತಿತ್ತು? ಜೂನ್ 13ರಂದು ವಿಲ್ಶೈರ್ ಫೆಡರಲ್ ಕಟ್ಟಡದ ಬಳಿ ಒಬ್ಬ ವ್ಯಕ್ತಿ ಹಳದಿ ಪಟ್ಟಿ ದಾಟಿ ಬಂದ. ಮಾಜಿ ಸೈನಿಕರ ಇಲಾಖೆಯ ಕಚೇರಿಗೆ ಹೊರಟಿದ್ದ. ಮರೀನ್‌ಗಳು ಹಿಡಿದು ಕೈಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಕೂರಿಸಿದರು. ಆತ ಖುದ್ದು ಅಮೆರಿಕ ಸೇನೆಯಲ್ಲಿ ದುಡಿದವನು, ವಲಸೆ ಬಂದು ಪೌರತ್ವ ಪಡೆದವನು. ಆಮೇಲೆ ಬಿಟ್ಟರು. ತನ್ನನ್ನು ಚೆನ್ನಾಗಿಯೇ ನಡೆಸಿಕೊಂಡರು ಎಂದು ಆತನೇ ಹೇಳಿದ. ಆದರೂ ಯುದ್ಧಕ್ಕೆ ತಯಾರಾದ ಮರೀನ್ ಒಬ್ಬ ನಗರದ ಬೀದಿಯಲ್ಲಿ ನಾಗರಿಕನ ಕೈ ಕಟ್ಟಿದ್ದು ಸಣ್ಣ ವಿಷಯ ಅಲ್ಲ.

ಜೂನ್ 18ರಂದು ಗಾರ್ಡ್‌ಗಳು ಲಾಸ್ ಏಂಜಲೀಸ್‌ನಿಂದ 200 ಕಿಲೋಮೀಟರಿಗೂ ದೂರದ ಮೆಕ್ಕಾ ಎಂಬ ಕೃಷಿ ಊರಿಗೆ ಹೋದರು. ಅಲ್ಲಿ ಗಾಂಜಾ ಬೆಳೆಯ ಮೇಲೆ ಮಾದಕವಸ್ತು ನಿಗ್ರಹ ಪೊಲೀಸರ ದಾಳಿ. ಅದಕ್ಕೆ ಸೈನಿಕರು ಸುತ್ತ ಕಾವಲು ನಿಂತರು, ರಸ್ತೆ ಮುಚ್ಚಿದರು. ಡೌನ್‌ಟೌನ್‌ನ ಸರ್ಕಾರಿ ಕಟ್ಟಡ ಕಾಯಲು ಬಂದವರು ಮರುಭೂಮಿಯ ಹೊಲದಲ್ಲಿ ಏನು ಮಾಡುತ್ತಿದ್ದರು? 'ರಕ್ಷಣೆ' ಎಂಬ ಹೆಸರು ಎಷ್ಟು ದೂರ ಹಿಗ್ಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಪಾರ್ಕು ಮತ್ತು ಮೇಜರ್ ಜನರಲ್

ಜುಲೈ 7ರ ಬೆಳಗ್ಗೆ ಮ್ಯಾಕ್‌ಆರ್ಥರ್ ಪಾರ್ಕಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವಲಸಿಗರು ದಟ್ಟವಾಗಿರುವ ಬಡಾವಣೆಯ ನಡುವಿನ ಪಾರ್ಕು ಅದು. ಹೆಲ್ಮೆಟ್ ಹಾಕಿದ ಕೇಂದ್ರ ಅಧಿಕಾರಿಗಳು ಕೆಲವರು ಕುದುರೆ ಮೇಲೆ, ಉಳಿದವರು ಕಾಲ್ನಡಿಗೆಯಲ್ಲಿ ಪಾರ್ಕನ್ನು ಹಾದುಹೋದರು. ಬೇಸಿಗೆ ಶಿಬಿರಕ್ಕೆ ಬಂದಿದ್ದ ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗಬೇಕಾಯಿತು. ಜೊತೆಗೆ ಸುಮಾರು 80 ಗಾರ್ಡ್ ಸೈನಿಕರು ಮಿಲಿಟರಿ ವಾಹನಗಳಲ್ಲಿ ಅಂಚಿನಲ್ಲಿ ನಿಂತಿದ್ದರು. ನಾವಿದ್ದೇವೆ ಎಂದು ತೋರಿಸುವುದೇ ಕಾರ್ಯಾಚರಣೆಯ ಉದ್ದೇಶ ಎಂಬುದು ಸೇನೆಯ ಕಾಗದಗಳಲ್ಲೇ ಇತ್ತು.

ಇದರ ಒಳಕಥೆ ಹೊರಬಂದದ್ದು ಆಗಸ್ಟ್ 11ರಿಂದ 13ರವರೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ವಿಚಾರಣೆಯಲ್ಲಿ. ಜ್ಯೂರಿ ಇರಲಿಲ್ಲ, ನ್ಯಾಯಾಧೀಶರೊಬ್ಬರೇ. ಸಾಕ್ಷಿ ಕಟ್ಟೆಗೆ ಬಂದವರು ಕಾರ್ಯಾಚರಣೆಯ ಹೊಣೆ ಹೊತ್ತಿದ್ದ ಮೇಜರ್ ಜನರಲ್ ಸ್ಕಾಟ್ ಶೆರ್ಮನ್. ಮೊದಲು ಇದೇ ಕಾರ್ಯಾಚರಣೆಯನ್ನು ಜೂನ್‌ನಲ್ಲಿ ಅಪ್ಪಂದಿರ ದಿನ ಮಾಡುವ ಯೋಜನೆ ಇತ್ತು. ಅವತ್ತು ಪಾರ್ಕಿನಲ್ಲಿ ಜನ ಕಿಕ್ಕಿರಿದಿರುತ್ತಾರೆ, ಬೇಡ ಎಂದು ಶೆರ್ಮನ್ ತಕರಾರು ತೆಗೆದಿದ್ದರು. ಆಗ ಗಡಿ ಗಸ್ತು ಪಡೆಯ ಒಂದು ವಲಯದ ಮುಖ್ಯಸ್ಥ ಗ್ರೆಗರಿ ಬೊವಿನೊ ತಮ್ಮ ದೇಶನಿಷ್ಠೆಯನ್ನೇ ಪ್ರಶ್ನಿಸಿದರು ಎಂದು ಶೆರ್ಮನ್ ಪ್ರಮಾಣ ಮಾಡಿ ಹೇಳಿದರು.

ಅದನ್ನು ಓದಿದಾಗ ನನಗೆ ಬೇಸರವೂ ಆಯಿತು, ಗೌರವವೂ ಬಂತು. ಕಾನೂನಿನ ಮಿತಿ ಅನ್ನುವುದು ಪುಸ್ತಕದಲ್ಲಿ ಇರುತ್ತದೆ, ಸರಿ. ಆದರೆ ಬೆಳಗ್ಗೆ ವಾಹನ ಹೊರಡುವ ಮೊದಲು ಅದನ್ನು ಕಾಪಾಡಬೇಕಾದವರು ಇಂಥ ಅಧಿಕಾರಿಗಳೇ ಅಲ್ವಾ? ಅವರು ಅಡ್ಡ ಮಾತಾಡಿದ್ದರಿಂದ ದಿನ ಬದಲಾಯಿತು, ಜನ ಕಡಿಮೆ ಇರುವ ಹೊತ್ತು ಸಿಕ್ಕಿತು.

ಇನ್ನೊಂದು ಸಾಕ್ಷ್ಯ ಇದಕ್ಕಿಂತ ಭಾರವಾದದ್ದು. ಸೈನಿಕರಿಗೆ ತರಬೇತಿ ಕೊಡುವಾಗ ತೋರಿಸಿದ ಸ್ಲೈಡಿನಲ್ಲಿ ಮಾಡಬಾರದ ಕೆಲಸಗಳ ಪಟ್ಟಿ ಇತ್ತು. ಬೆನ್ನಟ್ಟುವುದು, ಬಂಧಿಸುವುದು, ಶೋಧ, ಜಪ್ತಿ, ಸಾಕ್ಷ್ಯ ಸಂಗ್ರಹ, ವಿಚಾರಣೆ ಮಾಡುವುದು, ಹೀಗೆ ಒಟ್ಟು 12. ಅವುಗಳಲ್ಲಿ ನಾಲ್ಕನ್ನು, ಅಂದರೆ ಭದ್ರತಾ ಗಸ್ತು, ಸಂಚಾರ ನಿಯಂತ್ರಣ, ಗುಂಪು ನಿಯಂತ್ರಣ, ಗಲಭೆ ನಿಯಂತ್ರಣ, ಇವನ್ನು ಮಾಡಬಹುದು ಎಂದು ಬಾಯಿಮಾತಿನಲ್ಲಿ ಹೇಳಲಾಗಿತ್ತು. ಕೇಂದ್ರದ ಆಸ್ತಿ ಮತ್ತು ಸಿಬ್ಬಂದಿಯನ್ನು ಕಾಯಲು ಇದಕ್ಕೆ 'ಸಾಂವಿಧಾನಿಕ ವಿನಾಯಿತಿ' ಇದೆ ಎಂಬ ಸೂಚನೆ ರಕ್ಷಣಾ ಇಲಾಖೆಯ ಮೇಲಿನಿಂದ ಬಂದಿತ್ತು ಎಂದು ಶೆರ್ಮನ್ ಸಾಕ್ಷಿ ನುಡಿದರು. ಬರವಣಿಗೆಯಲ್ಲಿ ನಿಷೇಧ, ಬಾಯಲ್ಲಿ ಅನುಮತಿ. ಇಪ್ಪತ್ತರ ಹರೆಯದ ಸೈನಿಕನಿಗೆ ಇದರಲ್ಲಿ ಯಾವುದು ಉಳಿಯುತ್ತದೆ?

ಗೊಂದಲ ಎಷ್ಟು ಅಪಾಯ ತರಬಹುದು ಎಂಬುದಕ್ಕೆ ಇದೇ ಊರಿನ ಹಳೆಯ ಘಟನೆ ಇದೆ. 1992ರ ಗಲಭೆಯಲ್ಲಿ ಕಾಂಪ್ಟನ್ ಎಂಬಲ್ಲಿ ಪೊಲೀಸರು ಒಂದು ಮನೆಯೊಳಗೆ ನುಗ್ಗುವಾಗ ಜೊತೆಗಿದ್ದ ಮರೀನ್‌ಗಳಿಗೆ 'ಕವರ್ ಕೊಡಿ' ಎಂದರು. ಬಂದೂಕು ಗುರಿಯಿಟ್ಟು ಸಜ್ಜಾಗಿರಿ ಎಂಬುದು ಪೊಲೀಸರ ಅರ್ಥ. ಮರೀನ್‌ಗಳು ಕಲಿತದ್ದು ಹಾಗಲ್ಲ, ಅವರು 200ಕ್ಕೂ ಹೆಚ್ಚು ಗುಂಡು ಹಾರಿಸಿದರು. ಒಳಗೆ ಮಕ್ಕಳಿದ್ದರು. ಅದೃಷ್ಟಕ್ಕೆ ಯಾರಿಗೂ ತಗಲಲಿಲ್ಲ. ಆ ಮರೀನ್‌ಗಳು ಕೆಟ್ಟವರೇನಲ್ಲ, ಅವರ ಕೆಲಸವೇ ಬೇರೆ. 1878ರ ಕಾಯ್ದೆಯನ್ನು ಇವತ್ತು ಸಮರ್ಥಿಸಲು ನನಗೆ ಈ ಒಂದು ಘಟನೆ ಸಾಕು.

ಸೆಪ್ಟೆಂಬರ್ 2ರ ತೀರ್ಪು

52 ಪುಟಗಳ ತೀರ್ಪಿನಲ್ಲಿ ಬ್ರೇಯರ್, ಸರ್ಕಾರ ಪಾಸಿ ಕಾಮಿಟೇಟಸ್ ಕಾಯ್ದೆಯನ್ನು ಉಲ್ಲಂಘಿಸಿದೆ ಎಂದರು. ಸೆಕ್ಷನ್ 12406 ಸೈನಿಕರನ್ನು ಕರೆಯಲು ಅನುಮತಿ ಕೊಡಬಹುದು, ಕರೆದ ಮೇಲೆ ಅವರಿಂದ ಪೊಲೀಸ್ ಕೆಲಸ ಮಾಡಿಸಲು ಕೊಡುವುದಿಲ್ಲ. ರಕ್ಷಣೆಯ ಹೆಸರಿನ ವಿನಾಯಿತಿಯನ್ನು ಸರ್ಕಾರ ಹೇಳಿದಷ್ಟು ಅಗಲವಾಗಿ ಒಪ್ಪಿದರೆ ಕಾಯ್ದೆಯೇ ಉಳಿಯುವುದಿಲ್ಲ. ಅಧಿಕಾರಿಗಳು ಎಲ್ಲಿಗೆ ಹೋದರೂ ಸೈನಿಕರು ಹಿಂದೆ ಹೋಗಬಹುದು, ಯಾವ ಕಾನೂನನ್ನು ಬೇಕಾದರೂ ಜಾರಿ ಮಾಡಿಸಬಹುದು. ಹೀಗೇ ಬಿಟ್ಟರೆ ಅಧ್ಯಕ್ಷರೇ ಮುಖ್ಯಸ್ಥರಾದ ರಾಷ್ಟ್ರೀಯ ಪೊಲೀಸ್ ಪಡೆ ಹುಟ್ಟುತ್ತದೆ ಎಂಬ ಆತಂಕವನ್ನೂ ಬರೆದರು.

ಅಷ್ಟು ಹೊತ್ತಿಗೆ ಮರೀನ್‌ಗಳು ಹೋಗಿಯಾಗಿತ್ತು. ಗಾರ್ಡ್‌ಗಳು ಸುಮಾರು 300 ಜನ ಉಳಿದಿದ್ದರು. ಎರಡು ದಿನದಲ್ಲಿ ಮೇಲ್ಮನವಿ ಕೋರ್ಟು ಈ ಆದೇಶವನ್ನೂ ತಾತ್ಕಾಲಿಕವಾಗಿ ತಡೆಹಿಡಿಯಿತು. ಅಕ್ಟೋಬರ್‌ನಲ್ಲಿ ಆ 300ರಲ್ಲಿ 200 ಜನರನ್ನು ಪಕ್ಕದ ಓರೆಗಾನ್‌ನ ಪೋರ್ಟ್‌ಲೆಂಡಿಗೆ ಕಳಿಸಿದರು. ಅಲ್ಲಿ ಬೇರೆ ಕೇಸು, ಬೇರೆ ನ್ಯಾಯಾಧೀಶರು. ಈ ಹೊತ್ತಿನ ನಿಜವಾದ ನೋವು ಇದು: ಕಾನೂನು ಒಂದು ಊರಿನಲ್ಲಿ ಗೆಲ್ಲುವಷ್ಟರಲ್ಲಿ ಸೈನಿಕರು ಇನ್ನೊಂದು ಊರಿನಲ್ಲಿ ಇರುತ್ತಿದ್ದರು.

ಯಾರೂ ನೋಡದ ಮಾತು

ಕೊನೆಗೆ ಗಂಟು ಬಿಚ್ಚಿದ್ದು ಶಿಕಾಗೊ ಕೇಸಿನಲ್ಲಿ. ಅಕ್ಟೋಬರ್‌ನಲ್ಲಿ ಇಲಿನಾಯ್ ರಾಜ್ಯಕ್ಕೂ ಗಾರ್ಡ್‌ಗಳನ್ನು ಕಳಿಸಲು ಹೊರಟಾಗ ನ್ಯಾಯಾಧೀಶೆ ಏಪ್ರಿಲ್ ಪೆರ್ರಿ ತಡೆದರು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಮಾರ್ಟಿನ್ ಲೆಡರ್‌ಮನ್, ಕಕ್ಷಿದಾರರಲ್ಲದಿದ್ದರೂ ಕೋರ್ಟಿಗೆ ನೆರವಾಗಲು ಒಂದು ಬರಹ ಸಲ್ಲಿಸಿದರು. 'ನಿಯಮಿತ ಪಡೆ' ಎಂದರೆ ಐಸ್ ಥರದ ನಾಗರಿಕ ಅಧಿಕಾರಿಗಳಲ್ಲ, ದೇಶದ ನಿಯಮಿತ ಸೇನೆ ಎಂದು ವಾದಿಸಿದರು. ಕೋರ್ಟು ಎರಡೂ ಕಡೆಯವರಿಗೆ ಇದರ ಮೇಲೆಯೇ ಹೆಚ್ಚಿನ ವಾದ ಬರೆದುಕೊಡಿ ಎಂದಿತು.

ಡಿಸೆಂಬರ್ 23ರಂದು ಆದೇಶ ಬಂತು. ನ್ಯಾಯಮೂರ್ತಿಗಳಾದ ಅಲಿಟೊ, ಥಾಮಸ್, ಗೋರ್ಸಚ್ ಭಿನ್ನಮತ ಕೊಟ್ಟರು, ಉಳಿದ ಆರು ಜನ ಸರ್ಕಾರದ ಅರ್ಜಿ ತಳ್ಳಿದರು. ಆ ಮಾತಿನ ಅರ್ಥ ಬಹುಶಃ ಸೇನೆಯೇ ಎಂದಿತು ಕೋರ್ಟು. ಹಾಗಾದರೆ ಸೇನೆಯಿಂದಲೂ ಕಾನೂನು ಜಾರಿ ಮಾಡಲು ಆಗಲಿಲ್ಲ ಎಂದಾಗ ಮಾತ್ರ ಗಾರ್ಡ್‌ಗಳನ್ನು ಕರೆಯಬಹುದು. ಆದರೆ ಸೇನೆ ಕಾನೂನು ಜಾರಿ ಮಾಡುವುದಕ್ಕೆ 1878ರ ಕಾಯ್ದೆ ಅಡ್ಡಿ. ಆದ್ದರಿಂದ ಮೊದಲು ಸೇನೆಯನ್ನು ಬಳಸುವ ಅಧಿಕಾರ ಎಲ್ಲಿಂದ ಬಂತು ಎಂದು ಸರ್ಕಾರ ತೋರಿಸಬೇಕು. ಅದನ್ನು ತೋರಿಸಿಲ್ಲ.

ಇಲ್ಲಿ ಸರ್ಕಾರ ತನ್ನ ವಾದಕ್ಕೆ ತಾನೇ ಸಿಕ್ಕಿಬಿತ್ತು. ನಮ್ಮ ಸೈನಿಕರು ಕಾನೂನು ಜಾರಿ ಮಾಡುತ್ತಿಲ್ಲ, ಸುಮ್ನೆ ರಕ್ಷಣೆ ಕೊಡುತ್ತಿದ್ದಾರೆ, ಹಾಗಾಗಿ 1878ರ ಕಾಯ್ದೆ ತಾಗುವುದಿಲ್ಲ ಎಂಬುದು ಅದರ ನಿಲುವು. ಸರಿ, ಆದರೆ ಸೆಕ್ಷನ್ 12406 ಕೊಡುವ ಅಧಿಕಾರ ಇರುವುದೇ ಕಾನೂನು 'ಜಾರಿ ಮಾಡಲು'. ಜಾರಿ ಮಾಡುತ್ತಿಲ್ಲ ಎಂದರೆ ಆ ಸೆಕ್ಷನ್ ಸಿಗುವುದಿಲ್ಲ. ಮಾಡುತ್ತಿದ್ದೇವೆ ಎಂದರೆ 1878ರ ಕಾಯ್ದೆ ಹಿಡಿಯುತ್ತದೆ. ಜೂನ್‌ನಿಂದ ಹೊತ್ತು ತಿರುಗಿದ್ದ 'ರಕ್ಷಣೆ' ಎಂಬ ಹೆಸರು ಇಲ್ಲಿಗೆ ಬಂದು ಕೆಲಸಕ್ಕೆ ಬಾರದಾಯಿತು.

ಡಿಸೆಂಬರ್ 31ರಂದು ಟ್ರಂಪ್ ಶಿಕಾಗೊ, ಲಾಸ್ ಏಂಜಲೀಸ್, ಪೋರ್ಟ್‌ಲೆಂಡ್ ಮೂರೂ ಕಡೆಯಿಂದ ಗಾರ್ಡ್‌ಗಳನ್ನು ಹಿಂದಕ್ಕೆ ಕರೆಸುವುದಾಗಿ ಪ್ರಕಟಿಸಿದರು.

ಉಳಿದ ಬಾಗಿಲು

ಸುಪ್ರೀಂ ಕೋರ್ಟು ಕೊಟ್ಟದ್ದು ಮಧ್ಯಂತರ ಆದೇಶ, ಅಂತಿಮ ತೀರ್ಪಲ್ಲ. ಅಲ್ಲದೆ ಆ ಆರು ಜನರಲ್ಲಿ ಒಬ್ಬರಾದ ನ್ಯಾಯಮೂರ್ತಿ ಕವನಾ ಅವರು ಬಹುಮತದ ಫಲಿತಾಂಶವನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಕೊಟ್ಟಿದ್ದಾರೆ. ಗಾರ್ಡ್‌ಗಳನ್ನು ಕರೆಯುವುದು ಹೀಗೆ ಕಷ್ಟವಾದರೆ, ಮುಂದೆ ಅಧ್ಯಕ್ಷರು ನೇರವಾಗಿ ನಿಯಮಿತ ಸೇನೆಯನ್ನೇ ಜಾಸ್ತಿ ಬಳಸಬಹುದು ಎಂದು. ಅದಕ್ಕೆ ದಾರಿ ಇನ್ಸರೆಕ್ಷನ್ ಆ್ಯಕ್ಟ್. ಅದರಲ್ಲಿ ಗವರ್ನರ್ ಒಪ್ಪಿಗೆ ಕಡ್ಡಾಯ ಅಲ್ಲ, ಸೈನಿಕರು ಇಷ್ಟೇ ದಿನ ಇರಬೇಕೆಂಬ ಮಿತಿ ಇಲ್ಲ, ಸಂಸತ್ತು ಮತ ಹಾಕಬೇಕೆಂದೂ ಇಲ್ಲ. ಲಾಸ್ ಏಂಜಲೀಸ್ ಕೇಸಿನಲ್ಲಿ ಗೆದ್ದ ಯಾವ ವಾದವೂ ಆ ಬಾಗಿಲನ್ನು ಮುಚ್ಚುವುದಿಲ್ಲ.

ಮುಚ್ಚಬೇಕಾದದ್ದು ಸಂಸತ್ತು. ಅದಕ್ಕೆ ಹಿಂದಿನ ಉದಾಹರಣೆಯೂ ಇದೆ. ಕತ್ರಿನಾ ಚಂಡಮಾರುತದ ನಂತರ, 2006ರಲ್ಲಿ, ಸಂಸತ್ತು ಈ ಕಾಯ್ದೆಯನ್ನು ಹಿಗ್ಗಿಸಿ ಅಧ್ಯಕ್ಷರಿಗೆ ಇನ್ನಷ್ಟು ಅಧಿಕಾರ ಕೊಟ್ಟಿತ್ತು. ಎರಡೂ ಪಕ್ಷಗಳ ಗವರ್ನರ್‌ಗಳು, ಐವತ್ತೂ ರಾಜ್ಯದವರು, ಒಟ್ಟಾಗಿ ವಿರೋಧಿಸಿದರು. 2008ರ ಜನವರಿಯಲ್ಲಿ ಅದೇ ಸಂಸತ್ತಿನ ಕಾನೂನು ಆ ತಿದ್ದುಪಡಿಯನ್ನು ಕಿತ್ತುಹಾಕಿತು.